ಅರ್ಜಿ ಹಾಕದೆ ಉಳಿದವರು

1967ರಲ್ಲಿ ಅಂದಿನ ಮೈಸೂರು ಸರ್ಕಾರ ಒಬ್ಬರೇ ಅಧಿಕಾರಿಗೆಂದು ಒಂದು ನೇಮಕಾತಿ ನಿಯಮ ಹೊರಡಿಸಿತು. ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂ ಸ್ಕೂಲ್ ಆಫ್ ಮೈನ್ಸ್‌ನ ಪ್ರಾಂಶುಪಾಲರನ್ನು 1958ರ ಫೆಬ್ರುವರಿಯಿಂದಲೇ ಕ್ರಮಬದ್ಧವಾಗಿ ನೇಮಕವಾದವರೆಂದು ಭಾವಿಸತಕ್ಕದ್ದು ಎಂಬುದಷ್ಟೇ ಅದರ ತಿರುಳು. ಹೆಸರಿಗೆ ಸಂವಿಧಾನದ 309ನೇ ವಿಧಿಯಡಿ ಮಾಡಿದ ನಿಯಮ. ಅಳತೆ ತೆಗೆದು ಹೊಲಿದದ್ದು ಒಬ್ಬರ ಮೈಗೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸಕ್ರಮಗೊಳಿಸುವುದು ನೇಮಕಾತಿಯ ಒಂದು ವಿಧಾನವೇ ಅಲ್ಲ, ನಿಯಮ ಮುರಿದು ಆದ ನೇಮಕವನ್ನು ಹಿಂದಿನ ದಿನಾಂಕ ಹಾಕಿ ಸರಿಪಡಿಸಲಾಗದು ಎಂದು ಕೋರ್ಟ್ ಹೇಳಿತು. ಅಂದಿನಿಂದ ಇಂದಿನವರೆಗೆ ಅರ್ಹತೆ ಸಡಿಲಿಕೆಯ ವ್ಯಾಜ್ಯಗಳಲ್ಲಿ ಈ ತೀರ್ಪನ್ನು ವಕೀಲರು ಉಲ್ಲೇಖಿಸುತ್ತಲೇ ಇದ್ದಾರೆ. ನಾನೂ ಅವರಲ್ಲೊಬ್ಬಳು.

ಧಾರವಾಡದಲ್ಲಿ ನನ್ನ ಕಚೇರಿ. ಬೆಳಗಾವಿಯ ಆಡಳಿತ ನ್ಯಾಯಮಂಡಳಿ, ಅಂದರೆ ಎಲ್ಲರ ಬಾಯಲ್ಲಿರುವ ಕೆಎಟಿಯಲ್ಲಿ, ಸರ್ವಿಸ್ ಮ್ಯಾಟರ್ ನಡೆಸುತ್ತೇನೆ. ಯಾವುದಾದರೂ ಅಧಿಸೂಚನೆ ಬಿದ್ದ ವಾರದಲ್ಲೇ ಸಪ್ತಾಪುರದ ಕೋಚಿಂಗ್ ಸೆಂಟರುಗಳಿಂದ ಹುಡುಗರು ಫೈಲು ಹಿಡಿದು ಬರುತ್ತಾರೆ. ‘ಬರೇ ನಾಕ ದಿನಾ ವಯಸ್ಸು ಜಾಸ್ತಿ ಆಗೇತ್ರಿ ಮೇಡಂ, ಏನರ ಮಾಡಾಕ ಬರ್ತೈತೇನ್ರಿ?’ ಎಂದು ಕೇಳುವವನ ಮುಖ ನೋಡಿದರೆ ಏನಾದರೂ ಮಾಡಬೇಕೆನಿಸುತ್ತದೆ. ಕೆಲವೊಮ್ಮೆ ಮಾಡುತ್ತೇನೆ ಕೂಡ. ಆದರೆ ಅದೇ ನಾಲ್ಕು ದಿನದ ಕಾರಣಕ್ಕೆ ಅರ್ಜಿಯನ್ನೇ ಹಾಕದೆ ಸುಮ್ಮನಾದವನೊಬ್ಬ ಎಲ್ಲೋ ಇರುತ್ತಾನಲ್ಲ, ಅವನಿಗೆ ವಕೀಲರಿಲ್ಲ. ಅವನು ಪ್ರತಿವಾದಿಯೂ ಅಲ್ಲ. ಕೇಸು ನಡೆಯುತ್ತಿದೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ.

ಈ ಗೈರುಹಾಜರಿ ಮನುಷ್ಯನನ್ನು ನ್ಯಾಯಾಲಯ ಸ್ಪಷ್ಟವಾಗಿ ಗುರುತಿಸಿದ್ದು 1990ರಲ್ಲಿ, ಆಂಧ್ರದ ವಿಜಯನಗರಂ ಜಿಲ್ಲೆಯ ಪ್ರಕರಣವೊಂದರಲ್ಲಿ. ಸಮಾಜ ಕಲ್ಯಾಣ ವಸತಿ ಶಾಲೆಯ ಶಿಕ್ಷಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ದ್ವಿತೀಯ ದರ್ಜೆ ಬೇಕಿತ್ತು. ಆಯ್ಕೆಯಾದ ಮಹಿಳೆಗೆ ಇದ್ದದ್ದು ತೃತೀಯ ದರ್ಜೆ. ನೇಮಕಾತಿ ಆದೇಶವೂ ಕೈಗೆ ಬಂದಿತ್ತು. ಮೂಲ ದಾಖಲೆ ಹಿಡಿದು ಹಾಜರಾಗಲು ಹೋದಾಗ ವಿಷಯ ಬಯಲಾಗಿ, ಅವರನ್ನು ಸೇರಿಸಿಕೊಳ್ಳಲಿಲ್ಲ. ಆಯ್ಕೆ ಸಮಿತಿ ಎಲ್ಲ ನೋಡಿಯೇ ಆರಿಸಿದೆ, ಈಗ ತಕರಾರು ಯಾಕೆ ಎಂಬುದು ಅವರ ವಾದ. ಕೇಳಲು ನ್ಯಾಯವೆನಿಸುವ ಮಾತೇ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ನೌಕರಿ ಕೊಡುವವರು ಮತ್ತು ಪಡೆಯುವವರು ಇಬ್ಬರ ನಡುವೆ ಮುಗಿಯುವ ವ್ಯವಹಾರವಲ್ಲ. ಇಷ್ಟೇ ಓದಿದ್ದ, ಇದಕ್ಕಿಂತ ಹೆಚ್ಚು ಅಂಕವಿದ್ದ ಎಷ್ಟೋ ಜನ, ಜಾಹೀರಾತು ಕೇಳಿದ ಅರ್ಹತೆ ತಮಗಿಲ್ಲವೆಂದು ಅರ್ಜಿಯನ್ನೇ ಹಾಕಿರುವುದಿಲ್ಲ. ಅನ್ಯಾಯವಾಗುವುದು ಅವರಿಗೆ, ಇಂಥ ನೇಮಕ ಸಾರ್ವಜನಿಕರಿಗೆ ಬಗೆದ ವಂಚನೆ ಎಂದಿತು. ಸಡಿಲಿಕೆಯ ಬಗ್ಗೆ ಇಷ್ಟು ವರ್ಷಗಳಲ್ಲಿ ನಾನು ಓದಿದ ಅತ್ಯಂತ ಸರಿಯಾದ ಮಾತು ಇದೇ.

ಹಾಗೆಂದು ಸಡಿಲಿಕೆಯೇ ತಪ್ಪಲ್ಲ. ಕರ್ನಾಟಕದಲ್ಲಿ ನೇರ ನೇಮಕಾತಿಗೆ ಮೂಲ ನಿಯಮದಂತೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ಪ್ರವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ–1ಕ್ಕೆ 40 ವರ್ಷ ಎಂಬ ಗರಿಷ್ಠ ವಯೋಮಿತಿಯೊಳಗೇ ಒಂದು ಸಡಿಲಿಕೆ ಅಡಗಿದೆ. ಅದು ನಿಯಮದಲ್ಲಿ ಬರೆದಿದೆ, ಎಲ್ಲರಿಗೂ ಮೊದಲೇ ಗೊತ್ತಿದೆ. ಅಂಗವಿಕಲರು, ವಿಧವೆಯರು, ಮಾಜಿ ಸೈನಿಕರಿಗೆ ಸಿಗುವ ರಿಯಾಯಿತಿಯೂ ಹಾಗೆಯೇ. ಕೋರ್ಟು ಅನುಮಾನದಿಂದ ನೋಡುವುದು ಅರ್ಜಿ ಹಾಕುವ ಗಡುವು ಮುಗಿದ ಮೇಲೆ ಸದ್ದಿಲ್ಲದೆ ಹೊರಡುವ ಆದೇಶಗಳನ್ನು. ಅಸ್ಸಾಂ ಲೋಕಸೇವಾ ಆಯೋಗದ ಅಭ್ಯರ್ಥಿಯೊಬ್ಬರು ಅಂಗವಿಕಲರ ಗುರುತಿನ ಚೀಟಿಯನ್ನು ಕಾಲಕ್ಕೆ ಸರಿಯಾಗಿ ಕೊಟ್ಟಿರಲಿಲ್ಲ. ಹೈಕೋರ್ಟ್ ಕನಿಕರ ತೋರಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಸಡಿಲಿಸುವ ಅಧಿಕಾರ ನಿಯಮದಲ್ಲಿದ್ದರೂ ಅದು ಜಾಹೀರಾತಿನಲ್ಲೂ ಕಾಣಬೇಕು. ಸಡಿಲಿಸಿದಾಗ ಎಲ್ಲರಿಗೂ ತಿಳಿಯುವಂತೆ ಸಾರಬೇಕು ಎಂಬುದು ಅಲ್ಲಿನ ತೀರ್ಮಾನ.

ಆ ಪ್ರಕರಣದಲ್ಲಿ ನನ್ನ ಮನಸ್ಸು ಹೈಕೋರ್ಟಿನ ಕಡೆಗೇ ವಾಲುತ್ತದೆ. ಅರ್ಹತೆ ಬೇರೆ, ಅರ್ಹತೆಗೆ ಸಾಕ್ಷಿಯಾದ ಕಾಗದ ಬೇರೆ. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೇರಳದ ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ಪ್ರಕರಣದಲ್ಲಿ ಈ ಗೆರೆಯನ್ನು ಎಳೆದರು: ಡಿಪ್ಲೊಮಾ ಗಡುವಿಗೆ ಮೊದಲೇ ಮುಗಿದಿದ್ದರೆ, ಪ್ರಮಾಣಪತ್ರ ಆಯ್ಕೆಗೆ ಮುಂಚೆ ಬಂದರೂ ಸಾಕು. 2016ರಲ್ಲಿ ದೆಹಲಿಯ ಹಿಂದುಳಿದ ವರ್ಗದ ಅಭ್ಯರ್ಥಿಯ ಜಾತಿ ಪ್ರಮಾಣಪತ್ರ ತಡವಾದಾಗಲೂ ಸುಪ್ರೀಂ ಕೋರ್ಟ್ ಅವರ ಕೈಬಿಡಲಿಲ್ಲ. ತಹಶೀಲ್ದಾರ್ ಕಚೇರಿಯ ಸರ್ವರ್ ಡೌನ್ ಆದದ್ದಕ್ಕೆ ಒಬ್ಬಳ ಜಾತಿ ಬದಲಾಗುವುದಿಲ್ಲವಲ್ಲ! ಆದರೆ ಪದವಿಯ ಫಲಿತಾಂಶವೇ ಕೊನೆಯ ದಿನಾಂಕದ ನಂತರ ಬಂದಿದ್ದರೆ ಅದು ಕಾಗದದ ಮಾತಲ್ಲ. ಜಮ್ಮು–ಕಾಶ್ಮೀರದ ಕಿರಿಯ ಎಂಜಿನಿಯರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟೇ ಮೊದಲು ಅವರ ಪರ ಹೇಳಿ, 1997ರಲ್ಲಿ ಮರುಪರಿಶೀಲಿಸಿ ತನ್ನ ನಿಲುವು ತಿದ್ದಿಕೊಂಡಿತು. 1982ರಲ್ಲಿ ಅರ್ಜಿಗೆ ಗಡುವು ಜುಲೈನಲ್ಲಿ, ಫಲಿತಾಂಶ ಆಗಸ್ಟಿನಲ್ಲಿ, ಸಂದರ್ಶನ ಅದರ ಬೆನ್ನಿಗೇ. ಸಂದರ್ಶನದ ಹೊತ್ತಿಗೆ ಪದವಿ ಕೈಯಲ್ಲಿತ್ತು ಎಂಬ ವಾದ ನಿಲ್ಲಲಿಲ್ಲ. ಕೊನೆಯ ದಿನಾಂಕದಂದು ಇರಬೇಕು, ಅಷ್ಟೇ.

ನಿಯಮ ಬಿಗಿ ಮಾಡುವುದಕ್ಕೂ ಇದೇ ತರ್ಕ. ನಮ್ಮ ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ, 1983ರಲ್ಲಿ ಮೋಟಾರು ವಾಹನ ನಿರೀಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಮೆಕ್ಯಾನಿಕಲ್ ಡಿಪ್ಲೊಮಾದವರಿಗೂ ಅವಕಾಶವಿತ್ತು. ಆಯ್ಕೆ ಮುಗಿಯುವ ಹೊತ್ತಿಗೆ, 1987ರಲ್ಲಿ, ಸರ್ಕಾರ ನಿಯಮ ತಿದ್ದಿ ಆಟೊಮೊಬೈಲ್ ಡಿಪ್ಲೊಮಾ ಮಾತ್ರ ಎಂದಿತು. ಮೊದಲೇ ಅರ್ಜಿ ಹಾಕಿದವರಿಗೆ ಹೊಸ ನಿಯಮ ತಾಗದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ರಾಜಸ್ಥಾನ ಹೈಕೋರ್ಟಿನ ಭಾಷಾಂತರಕಾರ ಹುದ್ದೆಗಳಿಂದ ಹುಟ್ಟಿದ ಪ್ರಕರಣದಲ್ಲಿ, ನೇಮಕಾತಿ ಶುರುವಾದ ಮೇಲೆ ಅರ್ಹತೆಯ ಮಾನದಂಡ ಬದಲಿಸಲಾಗದು, ನಿಯಮ ಅಥವಾ ಜಾಹೀರಾತು ಅವಕಾಶ ಕೊಟ್ಟಿದ್ದರೂ ಆ ಬದಲಾವಣೆ ಸಮಾನತೆಯ 14ನೇ ವಿಧಿಗೆ ಒಗ್ಗಬೇಕು ಎಂದು ಮತ್ತೆ ಖಚಿತಪಡಿಸಿತು.

ಸಕ್ರಮದ ಮಾತಿಗೆ ಮರಳಿದರೆ, ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಕರ್ನಾಟಕದ ದಿನಗೂಲಿ ನೌಕರರಿಗೆಲ್ಲ ಬಾಯಿಪಾಠ. ಮಂಜೂರಾದ ಹುದ್ದೆಯಲ್ಲಿ, ಕೋರ್ಟ್ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆ ಮಾತ್ರ ಖಾಯಂ ಮಾಡಲು ಅದು ಬಾಗಿಲು ತೆರೆಯಿತು. ಆದರೆ ಒಳಗೆ ಬರಲು ಅರ್ಹತೆ ಇರಲೇಬೇಕಿತ್ತು.

ಇಷ್ಟೆಲ್ಲ ಹೇಳಿದರೂ ನನ್ನ ಸಿಟ್ಟು ಸಡಿಲಿಕೆ ಕೇಳುವ ಹುಡುಗರ ಮೇಲಲ್ಲ, ವರ್ಷಗಟ್ಟಲೆ ಹುದ್ದೆ ತುಂಬದೆ ಕೂರುವ ಸರ್ಕಾರಗಳ ಮೇಲೆ. ಕೆಎಎಸ್‌ನ ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2020ರಲ್ಲಿ 106ರ ಅಧಿಸೂಚನೆ ಬಂದಿತ್ತು. ಮುಂದಿನದು, 384 ಹುದ್ದೆಗಳದ್ದು, ಬಂದದ್ದು 2024ರಲ್ಲಿ. ನಡುವೆ ವಯಸ್ಸು ಮೀರಿದವರು ಬೀದಿಗಿಳಿಯುವುದು, ಒಂದು ಸಲದ ಸಡಿಲಿಕೆ ಕೇಳುವುದು, ಅದಕ್ಕೊಂದು ವ್ಯಾಜ್ಯ ಹುಟ್ಟುವುದು. ಪ್ರತಿವರ್ಷ ನೇಮಕಾತಿ ನಡೆದಿದ್ದರೆ ಇದರಲ್ಲಿ ಅರ್ಧದಷ್ಟು ಕೇಸುಗಳು ನನ್ನ ಮೇಜಿಗೇ ಬರುತ್ತಿರಲಿಲ್ಲ. ವಯೋಮಿತಿ ಸಡಿಲಿಸಲೇಬೇಕಾದರೆ ಅರ್ಜಿಯ ಗಡುವನ್ನೂ ಮತ್ತೆ ತೆರೆಯಲಿ, ಮೊದಲು ಸುಮ್ಮನಾಗಿದ್ದವನೂ ಬರಲಿ.

ಓದುಗರಲ್ಲಿ ಅಭ್ಯರ್ಥಿಗಳಿದ್ದರೆ ಒಂದು ಮಾತು. ಅಧಿಸೂಚನೆಯ ಷರತ್ತೇ ತಪ್ಪೆಂದು ಕಂಡರೆ ಪರೀಕ್ಷೆಗೆ ಮೊದಲೇ ಪ್ರಶ್ನಿಸಿ. ತಕರಾರಿಲ್ಲದೆ ಪರೀಕ್ಷೆ ಬರೆದು, ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲವೆಂದ ಮೇಲೆ ಬಂದವರನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ವಾಪಸು ಕಳಿಸುತ್ತವೆ. ನಿಮ್ಮನ್ನು ಅನರ್ಹಗೊಳಿಸಿದ ಅಂತಿಮ ಆದೇಶದ ವಿರುದ್ಧ ಕೆಎಟಿಗೆ ಬರಲು ಕಾನೂನು ಕೊಟ್ಟಿರುವ ಕಾಲ ಒಂದು ವರ್ಷ.