ಧನಿಕನೂ ಲಾಜರನೂ

ಮಕ್ಕಳೇ, ಪಂಚತಂತ್ರದ ಕಥೆಗಳನ್ನು ನೀವು ಕೇಳಿದ್ದೀರಿ. ಅಲ್ಲಿ ಆಮೆ ಮಾತನಾಡುತ್ತದೆ, ಹಂಸಗಳು ಅದನ್ನು ಹೊತ್ತುಕೊಂಡು ಹಾರುತ್ತವೆ. ಆಮೆಗೆ ಮಾತು ಬರುತ್ತದೆಯೇ ಎಂದು ನೀವು ಯಾರೂ ಜಗಳ ತೆಗೆಯುವುದಿಲ್ಲ. ಮಾತನ್ನು ತಡೆದುಕೊಳ್ಳಲಾರದವನಿಗೆ ಏನಾಯಿತು ಎಂಬುದನ್ನು ಕೇಳಿ ನಗುತ್ತೀರಿ, ಸ್ವಲ್ಪ ಯೋಚಿಸುತ್ತೀರಿ. ಒಂದು ಕಥೆಯನ್ನು ಮುಂದಿಟ್ಟು ಇನ್ನೊಂದು ವಿಷಯವನ್ನು ತಿಳಿಸುವ ಈ ಕ್ರಮ ಬಹಳ ಹಳೆಯದು. ಅದು ಹಲವು ದೇಶಗಳಲ್ಲಿ ಇದೆ.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಪ್ಯಾಲೆಸ್ತೀನ್ ನಾಡಿನಲ್ಲಿ ಯೇಸುಕ್ರಿಸ್ತರು ಜನರಿಗೆ ಹೀಗೆಯೇ ಕಥೆಗಳ ಮೂಲಕ ಕಲಿಸುತ್ತಿದ್ದರು. ಬೀಜ ಬಿತ್ತುವ ರೈತ, ಕುರಿಯನ್ನು ಕಳೆದುಕೊಂಡ ಕುರುಬ, ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು – ಅವರ ಕಥೆಗಳಲ್ಲಿ ಬರುವವರು ಇಂಥವರು. ಈ ಕಥೆಗಳನ್ನು ಕನ್ನಡದ ಕ್ರೈಸ್ತರು ‘ಸಾಮತಿ’ ಎಂದು ಕರೆಯುತ್ತಾರೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಎಂಬವರು ಮತ್ತು ಅವರ ಜೊತೆಗಾರರು ಇಡೀ ಬೈಬಲನ್ನು ಕನ್ನಡಕ್ಕೆ ತಂದು 1831ರಲ್ಲಿ ಅಚ್ಚು ಹಾಕಿಸಿದರು. ಅಂದರೆ ಈ ಸಾಮತಿಗಳನ್ನು ಕನ್ನಡದಲ್ಲಿ ಓದತೊಡಗಿ ಸುಮಾರು ಇನ್ನೂರು ವರ್ಷಗಳಾದವು.

ಸಾವಿನ ವಿಷಯವೂ ಕೆಲವು ಸಾಮತಿಗಳಲ್ಲಿ ಬರುತ್ತದೆ. ಒಬ್ಬ ರೈತನಿಗೆ ಒಳ್ಳೆಯ ಬೆಳೆ ಬಂತು. ಹಳೆಯ ಕಣಜ ಸಾಲದೆಂದು ದೊಡ್ಡದನ್ನು ಕಟ್ಟುವ ಯೋಚನೆ ಮಾಡುತ್ತಿದ್ದಾಗ ಅದೇ ರಾತ್ರಿ ಅವನ ಆಯುಷ್ಯ ಮುಗಿಯಿತು. ಆ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಸತ್ತ ಇಬ್ಬರು ಮನುಷ್ಯರ ಬೆನ್ನು ಹತ್ತಿ ಹೋಗಿ, ಆಮೇಲೆ ಅವರಿಗೆ ಏನಾಯಿತು ಎಂದು ಹೇಳುವ ಸಾಮತಿ ಒಂದೇ ಒಂದು. ಅದು ಲೂಕನು ಬರೆದ ಸುವಾರ್ತೆಯಲ್ಲಿ, 16ನೆಯ ಅಧ್ಯಾಯದಲ್ಲಿದೆ. ಮೊದಲು ಕಥೆಯನ್ನು ಕೇಳಿ.

ಒಬ್ಬ ಧನಿಕನಿದ್ದನು. ಅವನು ನೇರಳೆ ಬಣ್ಣದ ಬಟ್ಟೆಯನ್ನೂ ನಯವಾದ ನಾರುಬಟ್ಟೆಯನ್ನೂ ಉಡುತ್ತಿದ್ದನು. ಅವನ ಮನೆಯಲ್ಲಿ ದಿನದಿನವೂ ಹಬ್ಬದ ಊಟ. ಅವನ ಹೆಬ್ಬಾಗಿಲಲ್ಲಿ ಲಾಜರನೆಂಬ ಬಡವನು ಬಿದ್ದುಕೊಂಡಿದ್ದನು. ಅವನ ಮೈಯೆಲ್ಲ ಹುಣ್ಣು. ಧನಿಕನ ಮೇಜಿನಿಂದ ಬಿದ್ದ ಚೂರುಗಳಾದರೂ ಸಿಕ್ಕರೆ ಸಾಕೆಂದು ಅವನು ಆಸೆಪಡುತ್ತಿದ್ದನು. ಬೀದಿನಾಯಿಗಳು ಬಂದು ಅವನ ಹುಣ್ಣುಗಳನ್ನು ನೆಕ್ಕುತ್ತಿದ್ದವು.

ಲಾಜರನು ಸತ್ತನು. ದೇವದೂತರು ಅವನನ್ನು ಎತ್ತಿಕೊಂಡು ಹೋಗಿ ಅಬ್ರಹಾಮನ ಎದೆಯ ಬಳಿ ಇರಿಸಿದರು. ಅಬ್ರಹಾಮನೆಂದರೆ ಯೆಹೂದಿ ಜನರ ಮೂಲಪುರುಷ. ಧನಿಕನೂ ಸತ್ತನು. ಅವನನ್ನು ಹೂಳಿದರು. ಅವನು ಪಾತಾಳದಲ್ಲಿ ಉರಿಯಲ್ಲಿ ಸಂಕಟಪಡುತ್ತ ತಲೆಯೆತ್ತಿ ನೋಡಿದಾಗ ಬಹಳ ದೂರದಲ್ಲಿ ಅಬ್ರಹಾಮನೂ ಅವನ ಬಳಿ ಲಾಜರನೂ ಕಾಣಿಸಿದರು. ಅವನು ಅಬ್ರಹಾಮನನ್ನು ತಂದೆಯೆಂದು ಕೂಗಿ ಕರೆದನು. ಲಾಜರನು ಬೆರಳ ತುದಿಯನ್ನು ನೀರಲ್ಲಿ ಅದ್ದಿ ತನ್ನ ನಾಲಗೆಗೆ ಮುಟ್ಟಿಸಲಿ, ಅವನನ್ನು ಕಳುಹಿಸು ಎಂದು ಬೇಡಿದನು. ಅಬ್ರಹಾಮನು ಸಿಟ್ಟಾಗಲಿಲ್ಲ. ಮಗನೆಂದೇ ಅವನನ್ನು ಕರೆದನು. ಆದರೆ ನಡುವೆ ಒಂದು ದೊಡ್ಡ ಕಮರಿ ಇದೆ, ಆಚೆಯವರು ಈಚೆಗೆ, ಈಚೆಯವರು ಆಚೆಗೆ ದಾಟುವಂತಿಲ್ಲ ಎಂದನು. ಹಾಗಾದರೆ ತನ್ನ ಐದು ಮಂದಿ ಸಹೋದರರಿಗಾದರೂ ಎಚ್ಚರಿಕೆ ಕೊಡಲು ಲಾಜರನನ್ನು ತಂದೆಯ ಮನೆಗೆ ಕಳುಹಿಸಬೇಕೆಂದು ಧನಿಕನು ಕೇಳಿಕೊಂಡನು. ಅವರ ಬಳಿ ಮೋಶೆಯ ಮತ್ತು ಪ್ರವಾದಿಗಳ ಗ್ರಂಥಗಳಿವೆ, ಅವನ್ನು ಕೇಳಲಿ ಎಂಬುದು ಅಬ್ರಹಾಮನ ಉತ್ತರ. ಸತ್ತವನೊಬ್ಬನು ಎದ್ದು ಹೋದರೆ ಅವರು ಖಂಡಿತ ಬದಲಾಗುತ್ತಾರೆ ಎಂದು ಧನಿಕನು ಪಟ್ಟು ಹಿಡಿದನು. ಗ್ರಂಥಗಳನ್ನೇ ಕೇಳದವರು ಸತ್ತವನು ಎದ್ದು ಬಂದರೂ ಕೇಳಲಾರರು ಎಂದು ಅಬ್ರಹಾಮನು ಹೇಳಿಬಿಟ್ಟನು.

ಕಥೆ ಇಷ್ಟೇ. ಕೇಳಿದಾಗ ನಿಮ್ಮಲ್ಲಿ ಕೆಲವರಿಗೆ ಹೆದರಿಕೆಯಾಗಿರಬಹುದು. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಹೋಗಿದ್ದರೆ ಅವರ ನೆನಪೂ ಬಂದಿರಬಹುದು. ಸತ್ತ ಮೇಲೆ ನಿಜವಾಗಿಯೂ ಹೀಗೆಯೇ ಇರುತ್ತದೆಯೇ? ಅಲ್ಲಿ ಉರಿ ಇದೆಯೇ, ಕಮರಿ ಇದೆಯೇ? ಈ ಪ್ರಶ್ನೆಯನ್ನು ದೊಡ್ಡವರೂ ಕೇಳಿದ್ದಾರೆ. ಕ್ರೈಸ್ತರಲ್ಲಿಯೇ ಇದಕ್ಕೆ ಒಂದೇ ಉತ್ತರವಿಲ್ಲ. ಇದು ಪರಲೋಕದ ನಿಜವಾದ ವರ್ಣನೆ ಎಂದು ನಂಬುವವರಿದ್ದಾರೆ. ಸತ್ತವನಿಗೆ ದೇಹವೇ ಇಲ್ಲದಿರುವಾಗ ನಾಲಗೆ ಎಲ್ಲಿ, ಬೆರಳು ಎಲ್ಲಿ, ಆದ್ದರಿಂದ ಇದನ್ನು ಚಿತ್ರವೆಂದು ತಿಳಿಯಬೇಕು ಎಂದು ಹೇಳಿದವರೂ ಇದ್ದಾರೆ. ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ. ಏಕೆಂದು ಹೇಳುತ್ತೇನೆ.

ಇಂಥ ಕಥೆ ಈಜಿಪ್ಟಿನಲ್ಲಿಯೂ ಇತ್ತು. ಸೆತ್ನೆ ಎಂಬ ರಾಜಕುಮಾರನಿಗೆ ಸಿ-ಒಸಿರೆ ಎಂಬ ಮಗನಿದ್ದನು. ತಂದೆ ಮಗ ಇಬ್ಬರೂ ಒಂದು ದಿನ ಎರಡು ಹೆಣಗಳನ್ನು ಕಂಡರು. ಒಂದು ಧನಿಕನದು, ಅದಕ್ಕೆ ದೊಡ್ಡ ಮೆರವಣಿಗೆ, ಅಳುವ ಜನ. ಇನ್ನೊಂದು ಬಡವನದು, ಅದನ್ನು ಚಾಪೆಯಲ್ಲಿ ಸುತ್ತಿ ಒಯ್ಯುತ್ತಿದ್ದರು. ತನಗೂ ಧನಿಕನಂಥ ಸಾವು ಬರಲಿ ಎಂದು ತಂದೆ ಅಂದುಕೊಂಡನು. ಆಗ ಮಗನು ಅವನನ್ನು ಸತ್ತವರ ಲೋಕಕ್ಕೆ ಕರೆದುಕೊಂಡು ಹೋದನು. ಅಲ್ಲಿ ಬಡವನು ನಯವಾದ ಬಟ್ಟೆಯುಟ್ಟು ದೇವರ ಹತ್ತಿರ ನಿಂತಿದ್ದನು. ಧನಿಕನ ಕಣ್ಣಿಗೆ ಬಾಗಿಲಿನ ತಿರುಗಣಿಯನ್ನು ನೆಟ್ಟಿದ್ದರು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅವನು ಕಿರುಚುತ್ತಿದ್ದನು. ಈ ಕಥೆಯಿರುವ ಹಾಳೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡು ಕಥೆಗಳಿಗೂ ಹೋಲಿಕೆ ಇದೆಯೆಂದು ಜರ್ಮನಿಯ ವಿದ್ವಾಂಸ ಹ್ಯೂಗೊ ಗ್ರೆಸ್‌ಮನ್ 1918ರಲ್ಲಿ ತೋರಿಸಿಕೊಟ್ಟರು.

ಹಾಗಾದರೆ ಸತ್ತ ಮೇಲೆ ಧನಿಕನ ಮತ್ತು ಬಡವನ ಸ್ಥಿತಿ ಅದಲುಬದಲಾಗುವ ಕಥೆ ಹೊಸದಲ್ಲ. ಯೇಸುವಿನ ಕಾಲದ ಜನರು ಅಂಥದನ್ನು ಕೇಳಿಯೇ ಇರಬಹುದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಈಜಿಪ್ಟಿನ ತಂದೆ ಪರಲೋಕವನ್ನು ಕಣ್ಣಾರೆ ಕಂಡು ಮನೆಗೆ ಮರಳಿ ಬರುತ್ತಾನೆ. ಯೇಸುವಿನ ಕಥೆಯಲ್ಲಿ ಹಾಗೆ ಯಾರನ್ನೂ ಕಳುಹಿಸುವುದಿಲ್ಲ. ಧನಿಕನು ಎರಡು ಸಲ ಬೇಡಿದರೂ ಇಲ್ಲ. ಪರಲೋಕದ ಸುದ್ದಿಯನ್ನು ಹೇಳುವುದೇ ಕಥೆಯ ಉದ್ದೇಶವಾಗಿದ್ದರೆ ಒಬ್ಬ ದೂತನನ್ನು ಕಳುಹಿಸಬಹುದಿತ್ತಲ್ಲವೇ?

ಈಗ ಕಥೆಯೊಳಗಿನ ಕೆಲವು ವಸ್ತುಗಳನ್ನು ಹತ್ತಿರದಿಂದ ನೋಡೋಣ. ಆ ನೇರಳೆ ಬಟ್ಟೆ ಏನು? ಇಂದು ಪೇಟೆಯಲ್ಲಿ ಯಾವ ಬಣ್ಣದ ಬಟ್ಟೆಯೂ ಸುಲಭವಾಗಿ ಸಿಗುತ್ತದೆ. ಅಂದು ಹಾಗಿರಲಿಲ್ಲ. ಆ ಬಣ್ಣವನ್ನು ಮೆಡಿಟರೇನಿಯನ್ ಸಮುದ್ರದ ಒಂದು ಬಗೆಯ ಬಸವನಹುಳುವಿನಿಂದ ತೆಗೆಯುತ್ತಿದ್ದರು. ತೂರ್ ಎಂಬ ಬಂದರು ಇದಕ್ಕೆ ಹೆಸರಾಗಿತ್ತು. ಪೌಲ್ ಫ್ರೀಡ್‌ಲೆಂಡರ್ ಎಂಬ ರಸಾಯನ ವಿಜ್ಞಾನಿ 1909ರಲ್ಲಿ 12,000 ಹುಳುಗಳನ್ನು ಬಳಸಿ ಆ ಬಣ್ಣವನ್ನು ತೆಗೆದು ನೋಡಿದರು. ಸಿಕ್ಕಿದ್ದು 1.4 ಗ್ರಾಂ ಮಾತ್ರ! ಒಂದು ಚಿಟಿಕೆ ಉಪ್ಪಿನಷ್ಟು ಎನ್ನಿ. ಅಂಥ ಬಣ್ಣದ ಉಡುಪನ್ನು ತೊಟ್ಟವನು ಎಷ್ಟು ಸಿರಿವಂತನಾಗಿರಬೇಕು, ನೀವೇ ಲೆಕ್ಕ ಹಾಕಿ.

‘ಅಬ್ರಹಾಮನ ಎದೆಯ ಬಳಿ’ ಎಂಬ ಮಾತು ನಿಮಗೆ ವಿಚಿತ್ರವಾಗಿ ಕಾಣಬಹುದು. ಆ ಕಾಲದಲ್ಲಿ ದೊಡ್ಡ ಔತಣಗಳಲ್ಲಿ ಜನರು ನಮ್ಮಂತೆ ಕುಳಿತು ಉಣ್ಣುತ್ತಿರಲಿಲ್ಲ. ಮಂಚದಂಥ ಆಸನದ ಮೇಲೆ ಎಡಮೊಣಕೈ ಊರಿ, ಓರೆಯಾಗಿ ಒರಗಿ ಉಣ್ಣುತ್ತಿದ್ದರು. ಹೀಗೆ ಸಾಲಾಗಿ ಒರಗಿದಾಗ ಒಬ್ಬನ ತಲೆ ಪಕ್ಕದವನ ಎದೆಯ ಹತ್ತಿರ ಬರುತ್ತದೆ. ಮನೆಯ ಯಜಮಾನನ ಎದೆಯ ಬಳಿ ಒರಗುವುದೆಂದರೆ ದೊಡ್ಡ ಮರ್ಯಾದೆ. ಈಗ ತಿಳಿಯಿತೇ? ಮೇಜಿನಿಂದ ಬಿದ್ದ ಚೂರಿಗೆ ಆಸೆಪಟ್ಟವನು ಈಗ ಔತಣದ ಮುಖ್ಯ ಅತಿಥಿ. ಹೊರಗೆ ಬಿದ್ದವನು ಒಳಗೆ ಬಂದಿದ್ದಾನೆ, ಒಳಗಿದ್ದವನು ಹೊರಗೆ ಹೋಗಿದ್ದಾನೆ.

ಹೆಸರಿನ ವಿಷಯವೂ ಇದೆ. ಯೇಸುವಿನ ಸಾಮತಿಗಳಲ್ಲಿ ರೈತನಿಗೆ ಹೆಸರಿಲ್ಲ, ರಾಜನಿಗೆ ಹೆಸರಿಲ್ಲ. ಹೆಸರಿರುವುದು ಲಾಜರನೆಂಬ ಈ ಭಿಕ್ಷುಕನಿಗೆ ಮಾತ್ರ. ಲಾಜರ ಎಂದರೆ ‘ದೇವರು ಸಹಾಯ ಮಾಡಿದನು’ ಎಂದು ಅರ್ಥ. ಬೈಬಲಿನಲ್ಲಿ ಇನ್ನೊಬ್ಬ ಲಾಜರನೂ ಇದ್ದಾನೆ. ಅವನು ಬೇಥಾನ್ಯದ ಮಾರ್ಥಾ ಮತ್ತು ಮರಿಯಳ ಸಹೋದರ. ಇಬ್ಬರೂ ಒಬ್ಬರೇ ಎಂದು ತಪ್ಪು ತಿಳಿಯಬೇಡಿ. ಧನಿಕನ ಹೆಸರನ್ನು ಕಥೆ ಹೇಳುವುದಿಲ್ಲ. ಊರಿನಲ್ಲಿ ಅವನ ಹೆಸರು ಎಲ್ಲರಿಗೂ ಗೊತ್ತಿರಬೇಕು, ಬಾಗಿಲಲ್ಲಿ ಬಿದ್ದವನ ಹೆಸರು ಯಾರಿಗೂ ಬೇಕಿರಲಿಲ್ಲ. ಕಥೆಯಲ್ಲಿ ಅದು ತಿರುವುಮುರುವಾಗಿದೆ.

ಯಾರಿಗೂ ಬೇಕಿರಲಿಲ್ಲ ಎಂದೆ. ಆದರೆ ಕಥೆಯನ್ನು ಇನ್ನೊಮ್ಮೆ ಓದಿ. ಪಾತಾಳದಲ್ಲಿರುವ ಧನಿಕನು ಏನು ಕೇಳುತ್ತಾನೆ? ಲಾಜರನನ್ನು ಕಳುಹಿಸು ಎನ್ನುತ್ತಾನೆ. ಅಂದರೆ ಅವನಿಗೆ ಲಾಜರನ ಗುರುತು ಇತ್ತು, ಹೆಸರೂ ಗೊತ್ತಿತ್ತು! ಇಡೀ ಕಥೆಯಲ್ಲಿ ನನ್ನನ್ನು ಬೆಚ್ಚಿಬೀಳಿಸುವ ಮಾತು ಉರಿಯದ್ದಲ್ಲ, ಇದು. ಅವನು ಲಾಜರನನ್ನು ಹೊಡೆದಿರಲಿಲ್ಲ. ಬಾಗಿಲಿನಿಂದ ಓಡಿಸಿರಲೂ ಇಲ್ಲ. ದಿನವೂ ದಾಟಿಕೊಂಡು ಹೋಗುತ್ತಿದ್ದನು, ಅಷ್ಟೆ. ಸತ್ತ ಮೇಲೂ ಅವನ ರೂಢಿ ಬಿಟ್ಟಿಲ್ಲ. ಲಾಜರನೊಡನೆ ನೇರವಾಗಿ ಒಂದು ಮಾತನ್ನೂ ಆಡುವುದಿಲ್ಲ. ನೀರು ತರುವುದಕ್ಕೆ, ಸುದ್ದಿ ಮುಟ್ಟಿಸುವುದಕ್ಕೆ ಆಳಿನಂತೆ ಅವನನ್ನು ಕಳುಹಿಸಬೇಕೆನ್ನುತ್ತಾನೆ.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯ ಎಂಬ ನಗರದಲ್ಲಿ ಯೋವಾನ್ನ ಎಂಬ ಗುರುಗಳಿದ್ದರು. ಅವರು ಬಹಳ ಚೆನ್ನಾಗಿ ಮಾತನಾಡುತ್ತಿದ್ದುದರಿಂದ ಜನರು ಅವರನ್ನು ಕ್ರಿಸೋಸ್ತೊಮ, ಎಂದರೆ ಬಂಗಾರದ ಬಾಯಿಯವರು, ಎಂದು ಕರೆದರು. ಈ ಒಂದು ಸಾಮತಿಯ ಮೇಲೆಯೇ ಅವರು ಹಲವು ಪ್ರವಚನಗಳನ್ನು ಮಾಡಿದರು. ಲಾಜರನು ಎಲ್ಲೋ ಸಂದಿಯಲ್ಲಿ ಬಿದ್ದಿರಲಿಲ್ಲ, ಧನಿಕನು ಹೋಗುವಾಗ ಬರುವಾಗ ನೋಡಲೇಬೇಕಾದ ಬಾಗಿಲಲ್ಲಿದ್ದನು ಎಂಬುದನ್ನು ಅವರು ಒತ್ತಿ ಹೇಳಿದರು. ನಮ್ಮಲ್ಲಿರುವುದನ್ನು ಇಲ್ಲದವರಿಗೆ ಕೊಡದಿರುವುದೂ ಕಳ್ಳತನವೇ ಎಂಬುದು ಅವರ ಅಭಿಪ್ರಾಯ. ಬಡತನ ಸಿರಿತನಗಳನ್ನು ಅವರು ನಾಟಕದ ಮುಖವಾಡಗಳಿಗೆ ಹೋಲಿಸಿದರು. ರಾತ್ರಿ ಆಟ ಮುಗಿದ ಮೇಲೆ ರಾಜನ ವೇಷದವನು ರಾಜನಾಗಿ ಉಳಿಯುವುದಿಲ್ಲ. ಯಕ್ಷಗಾನದ ಚೌಕಿಯಲ್ಲಿ ವೇಷ ಬಿಚ್ಚುವುದನ್ನು ಕಂಡವರಿಗೆ ಇದು ಕೂಡಲೇ ತಿಳಿಯುತ್ತದೆ.

ಹಣವಿದ್ದವರೆಲ್ಲ ಕೆಟ್ಟವರು, ಬಡವರೆಲ್ಲ ಒಳ್ಳೆಯವರು ಎಂದು ಈ ಕಥೆ ಹೇಳುತ್ತದೆಯೇ? ಸಂತ ಅಗಸ್ತೀನರು ಇದಕ್ಕೆ ಜಾಣತನದ ಉತ್ತರ ಕೊಟ್ಟರು. ಬಡ ಲಾಜರನು ಹೋಗಿ ಒರಗಿದ್ದು ಯಾರ ಬಳಿ? ಅಬ್ರಹಾಮನ ಬಳಿ. ಆ ಅಬ್ರಹಾಮನಾದರೋ ದನಕರುಗಳೂ ಬೆಳ್ಳಿಬಂಗಾರವೂ ಇದ್ದ ಸಿರಿವಂತನೇ.

ಇನ್ನೊಂದು ಮಾತನ್ನು ಹೇಳಲೇಬೇಕು. ಈ ಕಥೆಯನ್ನು ತಪ್ಪಾಗಿ ಬಳಸಿದವರೂ ಉಂಟು. ಈಗ ಹಸಿವನ್ನು ಸಹಿಸಿಕೊಂಡು ಸುಮ್ಮನಿರಿ, ಸತ್ತ ಮೇಲೆ ನಿಮಗೆ ಸುಖ ಸಿಗುತ್ತದೆ ಎಂದು ಬಡವರಿಗೆ ಉಪದೇಶ ಮಾಡುವುದಕ್ಕೆ ಇಂಥ ಕಥೆಗಳು ಸಿಕ್ಕಿವೆ. ಕಥೆ ಹಾಗೆ ಹೇಳುವುದಿಲ್ಲ. ಹಸಿದು ಬಿದ್ದುಕೊಂಡಿರಬೇಕೆಂದು ಲಾಜರನಿಗೆ ಅದರಲ್ಲಿ ಯಾರೂ ಹೇಳುವುದಿಲ್ಲ. ಎಚ್ಚರಿಕೆ ಇರುವುದು ಬಾಗಿಲ ಒಳಗಿದ್ದವರಿಗೆ.

ಆಲ್ಬರ್ಟ್ ಶ್ವೈಟ್ಸರ್ ಈ ಕಥೆಯನ್ನು ಹಾಗೆಯೇ ಓದಿಕೊಂಡರು. ಅವರು 1875ರಲ್ಲಿ ಯುರೋಪಿನ ಅಲ್ಸೇಸ್ ಎಂಬಲ್ಲಿ ಹುಟ್ಟಿದರು. ಒಳ್ಳೆಯ ಪಾಠಕರು, ಆರ್ಗನ್ ವಾದ್ಯದಲ್ಲಿ ನಿಪುಣರು. ಈ ಸಾಮತಿ ಅವರ ಮನಸ್ಸನ್ನು ಕೊರೆಯಿತು. ರೋಗಕ್ಕೆ ಮದ್ದು ತಿಳಿದಿರುವ ಯುರೋಪಿನ ನಾವೇ ಆ ಧನಿಕರು, ಮದ್ದಿಲ್ಲದೆ ನರಳುವ ಆಫ್ರಿಕದ ಜನರೇ ಲಾಜರನು ಎಂದು ಅವರಿಗೆ ಅನ್ನಿಸಿತು. ಮೂವತ್ತರ ವಯಸ್ಸಿನಲ್ಲಿ ವೈದ್ಯಶಾಸ್ತ್ರ ಕಲಿಯಲು ಹೊರಟರು. 1913ರಲ್ಲಿ ಗ್ಯಾಬೊನಿನ ಲಾಂಬರೆನೆಗೆ ಹೋಗಿ ಆಸ್ಪತ್ರೆ ತೆರೆದರು. 1952ನೆಯ ಸಾಲಿನ ನೋಬೆಲ್ ಶಾಂತಿ ಪ್ರಶಸ್ತಿ ಬಂದಾಗ ಆ ಹಣವನ್ನು ಕುಷ್ಠರೋಗಿಗಳ ವಸತಿಗೆ ಬಳಸಿದರು. ಅವರ ಮೇಲೆ ಟೀಕೆಯೂ ಇದೆ. ಆಫ್ರಿಕದವರನ್ನು ಅವರು ತಮ್ಮಂದಿರೆಂದು ಕಂಡರು, ಸರಿಸಮಾನರೆಂದು ಕಾಣಲಿಲ್ಲ ಎನ್ನುತ್ತಾರೆ. ಆ ಟೀಕೆಯಲ್ಲಿ ಹುರುಳಿದೆ. ಲಾಜರನೂ ಈ ಕಥೆಯಲ್ಲಿ ಬಾಯಿ ಬಿಡುವುದೇ ಇಲ್ಲ, ನೋಡಿದಿರಾ? ಧನಿಕನು ಮಾತನಾಡುತ್ತಾನೆ, ಅಬ್ರಹಾಮನು ಮಾತನಾಡುತ್ತಾನೆ. ಲಾಜರನನ್ನು ಯಾರಾದರೂ ಕೇಳಿದ್ದರೆ ಅವನು ಏನು ಹೇಳುತ್ತಿದ್ದನೋ! ನಿಮಗೆ ತೋರಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದು ನೋಡಿ.

ಈಗ ಕಮರಿಗೆ ಬರೋಣ. ಬದುಕಿದ್ದಾಗ ಧನಿಕನಿಗೂ ಲಾಜರನಿಗೂ ನಡುವೆ ಇದ್ದದ್ದು ಒಂದು ಬಾಗಿಲು. ಅದನ್ನು ಒಳಗಿನಿಂದ ತೆರೆಯಬಹುದಿತ್ತು. ಎದ್ದು ನಾಲ್ಕು ಹೆಜ್ಜೆ ಬಂದರೆ ಸಾಕಿತ್ತು. ಸತ್ತ ಮೇಲೆ ಇರುವುದು ದಾಟಲಾಗದ ಕಮರಿ. ಆ ಕಮರಿಯನ್ನು ಯಾರು ತೋಡಿದರು ಎಂದು ಕಥೆಯಲ್ಲಿ ಬಿಡಿಸಿ ಹೇಳಿಲ್ಲ. ಆದರೆ ಬಾಗಿಲಿದ್ದ ಜಾಗದಲ್ಲಿಯೇ ಕಮರಿ ಬಂದಿದೆ ಎಂದು ಓದುವಾಗ ಅನ್ನಿಸುತ್ತದೆ. ಅದಕ್ಕೇ ಇದನ್ನು ಪರಲೋಕದ ನಕ್ಷೆ ಎನ್ನುವುದಕ್ಕಿಂತ ಆ ಬಾಗಿಲಿನ ಕಥೆ ಎನ್ನುವುದು ನನಗೆ ಇಷ್ಟ.

ಉಳಿದವರು ಆ ಐದು ಮಂದಿ ಸಹೋದರರು. ಅವರು ಕೊನೆಗೆ ಏನು ಮಾಡಿದರು? ಲೂಕನು ಬರೆದಿಲ್ಲ. ಅಬ್ರಹಾಮನ ಉತ್ತರದೊಂದಿಗೆ ಅವನು ಕಥೆಯನ್ನು ನಿಲ್ಲಿಸುತ್ತಾನೆ. ಆಗ ಅವರೆಲ್ಲರೂ ಇನ್ನೂ ಬದುಕಿಯೇ ಇದ್ದಾರೆ, ತಂದೆಯ ಮನೆಯಲ್ಲಿದ್ದಾರೆ. ಲಾಜರನು ಸತ್ತ ಮೇಲೆ ಅವರ ಬಾಗಿಲಲ್ಲಿ ಯಾರು ಬಂದು ಕುಳಿತರು ಎಂಬುದನ್ನೂ ಅವನು ಹೇಳಿಲ್ಲ.