ರಾಸಾಯನಿಕ ಸೂತ್ರಗಳ ವಾಚನವೂ ಸಮೀಕರಣಗಳ ಪರೀಕ್ಷೆಯೂ: ಬಿದರಿ ಕೆಲಸದ ನಿದರ್ಶನ

ಬೀದರು ನಗರದಲ್ಲಿ ಬಹುಕಾಲದಿಂದ ನಡೆದುಬಂದಿರುವ ಬಿದರಿ ಕೆಲಸದಲ್ಲಿ, ಸತು ತಾಮ್ರಗಳನ್ನು ಕೂಡಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಚಿತ್ರವನ್ನು ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸುವರು. ಕಡೆಯಲ್ಲಿ ನವಸಾಗರವನ್ನೂ ಕೋಟೆಯ ಹಳೆಯ ಮಣ್ಣನ್ನೂ ನೀರಿನಲ್ಲಿ ಕದಡಿ, ಬಿಸಿಮಾಡಿದ ಪಾತ್ರೆಗೆ ಸವರುವರು. ಲೋಹವು ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಯು ಬೆಳ್ಳಗೆಯೇ ಉಳಿಯುವುದು. ರಾಸಾಯನಿಕ ಸಮೀಕರಣವು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದರ ವಿವೇಚನೆಗೆ ಈ ಕೆಲಸವು ಒಳ್ಳೆಯ ನಿದರ್ಶನವಾಗಿದೆ.

ಮೊದಲು ಸೂತ್ರವಾಚನ. ಒಂದೊಂದು ಮೂಲವಸ್ತುವಿಗೂ ಒಂದೊಂದು ಸಂಕೇತವುಂಟು. ಇವು ಲೋಕದಲ್ಲೆಲ್ಲ ರೋಮನ್ ಅಕ್ಷರಗಳಲ್ಲಿ ಬರೆಯಲ್ಪಡುವುವು. ಇಲ್ಲಿ ಅವುಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು, ಎರಡು ಸಂಕೇತಗಳ ನಡುವೆ ಅಡ್ಡಗೆರೆಯನ್ನು ಹಾಕಿದೆ. ಸತುವಿಗೆ ಝಡ್‌ಎನ್, ತಾಮ್ರಕ್ಕೆ ಸಿಯು, ಜಲಜನಕಕ್ಕೆ ಎಚ್, ಆಮ್ಲಜನಕಕ್ಕೆ ಓ, ಸಾರಜನಕಕ್ಕೆ ಎನ್, ಗಂಧಕಕ್ಕೆ ಎಸ್, ಕ್ಲೋರಿನ್ನಿಗೆ ಸಿಎಲ್, ಕ್ಯಾಲ್ಸಿಯಮ್ಮಿಗೆ ಸಿಎ. ನವಸಾಗರದ ಸೂತ್ರವು ಎನ್-ಎಚ್೪-ಸಿಎಲ್. ಸಂಕೇತದ ಬೆನ್ನಿಗೆ ಬರುವ ಅಂಕವು ಆ ಸಂಕೇತಕ್ಕೆ ಮಾತ್ರ ಸಲ್ಲತಕ್ಕದ್ದು. ಅಂಕವಿಲ್ಲದೆಡೆ ಒಂದೆಂದು ತಿಳಿಯತಕ್ಕದ್ದು. ಆದುದರಿಂದ ಇದರಲ್ಲಿ ಸಾರಜನಕದ ಪರಮಾಣು ೧, ಜಲಜನಕದವು ೪, ಕ್ಲೋರಿನ್ನಿನದು ೧. ನೀರು ಹಾಕಿದ ಸುಣ್ಣದ ಸೂತ್ರ ಸಿಎ-(ಓ-ಎಚ್)೨. ಆವರಣದ ಹೊರಗಣ ೨ ಒಳಗಿನ ಎರಡಕ್ಕೂ ಅನ್ವಯಿಸುವುದರಿಂದ ಆಮ್ಲಜನಕ ೨, ಜಲಜನಕ ೨, ಕ್ಯಾಲ್ಸಿಯಂ ೧ ಎಂದಾಗುವುದು.

ಕನ್ನಡ, ಮರಾಠಿ, ಉರ್ದು ಭಾಷೆಗಳು ಬೆರೆತು ಕೇಳಬರುವ ಭಾಲ್ಕಿ, ಔರಾದ ಸೀಮೆಗಳಲ್ಲಿ ಇಂತಹ ಸಂಕೇತಗಳ ಪ್ರಯೋಜನವು ಸ್ಪಷ್ಟವಾಗಿ ಕಾಣುವುದು. ಕನ್ನಡಿಗನ ಸತು ಮರಾಠಿಯವನಿಗೆ ಜಸ್ತ. ಒಬ್ಬನ ತಾಮ್ರ ಇನ್ನೊಬ್ಬನಿಗೆ ತಾಂಬೆ, ಮತ್ತೊಬ್ಬನಿಗೆ ತಾಂಬಾ. ಈ ಪ್ರಾಂತವು ೧೯೪೮ರವರೆಗೆ ಹೈದರಾಬಾದು ಸಂಸ್ಥಾನದೊಳಗಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಆ ಸಂಸ್ಥಾನದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದರು. ೧೯೫೬ರಲ್ಲಿ ಬೀದರು ಮೈಸೂರು ರಾಜ್ಯಕ್ಕೆ ಸೇರಿತು. ಬೋಧನೆಯ ಭಾಷೆ ಬದಲಾದರೂ ಸೂತ್ರವು ಬದಲಾಗಲಿಲ್ಲ. ಸಂಕೇತಗಳಿಗೂ ಪದಚರಿತ್ರೆಯುಂಟು: ತಾಮ್ರದ ಸಂಕೇತವು ಲ್ಯಾಟಿನ್ನಿನ ಕ್ಯುಪ್ರಮ್ ಎಂಬುದರಿಂದ ಬಂದುದು, ಆ ಹೆಸರಿಗೆ ಮೂಲ ತಾಮ್ರಕ್ಕೆ ಪ್ರಸಿದ್ಧವಾಗಿದ್ದ ಸೈಪ್ರಸ್ ದ್ವೀಪ.

ಇನ್ನು ಸಮೀಕರಣ. ನವಸಾಗರವನ್ನು ಸುಣ್ಣದೊಡನೆ ಬೆರೆಸಿ ಕಾಯಿಸಿದರೆ ಮೂಗನ್ನು ಚುಚ್ಚುವ ಅಮೋನಿಯಾ ವಾಯು ಹೊರಡುವುದು. ಇದನ್ನು ಮೊದಲಿಗೆ ಹೀಗೆ ಬರೆಯಬಹುದು:

ಎನ್-ಎಚ್೪-ಸಿಎಲ್ + ಸಿಎ-(ಓ-ಎಚ್)೨ → ಸಿಎ-ಸಿಎಲ್೨ + ಎನ್-ಎಚ್೩ + ಎಚ್೨-ಓ

ಎಡಗಡೆ ಜಲಜನಕ ೬, ಬಲಗಡೆ ೫. ಎಡಗಡೆ ಕ್ಲೋರಿನ್ ೧, ಬಲಗಡೆ ೨. ಎಡಗಡೆ ಆಮ್ಲಜನಕ ೨, ಬಲಗಡೆ ೧. ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವಾದುದರಿಂದ ಈ ಬರವಣಿಗೆ ಅಪೂರ್ಣ. ಇದನ್ನು ತಿದ್ದುವಾಗ ಸೂತ್ರದ ಒಳಗಣ ಅಂಕಗಳನ್ನು ಮುಟ್ಟಕೂಡದು. ಆಮ್ಲಜನಕ ಸಾಲದೆಂದು ನೀರನ್ನು ಎಚ್೨-ಓ೨ ಎಂದು ಬರೆದರೆ ಅದು ನೀರಾಗಿ ಉಳಿಯದೆ ಹೈಡ್ರೊಜನ್ ಪೆರಾಕ್ಸೈಡ್ ಎಂಬ ಬೇರೊಂದು ವಸ್ತುವಾಗುವುದು. ಸೂತ್ರದ ಮುಂದೆ ಮಾತ್ರ ಗುಣಕವನ್ನು ಇಡಬಹುದು:

೨ ಎನ್-ಎಚ್೪-ಸಿಎಲ್ + ಸಿಎ-(ಓ-ಎಚ್)೨ → ಸಿಎ-ಸಿಎಲ್೨ + ೨ ಎನ್-ಎಚ್೩ + ೨ ಎಚ್೨-ಓ

ಈಗ ಎರಡು ಕಡೆಗಳಲ್ಲಿಯೂ ಸಾರಜನಕ ೨, ಜಲಜನಕ ೧೦, ಕ್ಲೋರಿನ್ ೨, ಕ್ಯಾಲ್ಸಿಯಂ ೧, ಆಮ್ಲಜನಕ ೨. ಕಂದಪದ್ಯದ ಪೂರ್ವಾರ್ಧ ಉತ್ತರಾರ್ಧಗಳಲ್ಲಿ ೩೨ ೩೨ ಮಾತ್ರೆಗಳನ್ನು ಎಣಿಸಿ ನೋಡುವವರಿಗೆ ಈ ಪರೀಕ್ಷೆಯು ಹೊಸದೆನಿಸದು.

ಬಿದರಿ ಕೆಲಸಗಾರರು ಚಿತ್ರ ಬರೆಯುವುದಕ್ಕೆ ಮುಂಚೆ, ಗೆರೆಗಳು ಎದ್ದುಕಾಣಲೆಂದು, ಉಜ್ಜಿ ನಯಮಾಡಿದ ಪಾತ್ರೆಗೆ ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪುಮಾಡುವರು. ಅಲ್ಲಿ ಸತು ಕರಗಿ ಅದರ ಸ್ಥಾನದಲ್ಲಿ ತಾಮ್ರವು ನಿಲ್ಲುವುದು:

ಝಡ್‌ಎನ್ + ಸಿಯು-ಎಸ್-ಓ೪ → ಝಡ್‌ಎನ್-ಎಸ್-ಓ೪ + ಸಿಯು

ಇದು ಗುಣಕವಿಲ್ಲದೆಯೇ ಸರಿದೂಗುವುದು. ಕಡೆಯ, ಶಾಶ್ವತವಾದ ಕಪ್ಪಿನ ವಿಷಯ ಇಷ್ಟು ಸುಲಭವಲ್ಲ. ಸತು ಗಾಳಿಯ ಆಮ್ಲಜನಕದೊಡನೆ ಕೂಡಿತೆಂದು ಊಹಿಸಿ ಹೀಗೆ ಬರೆಯಬಹುದು:

೨ ಝಡ್‌ಎನ್ + ಓ೨ → ೨ ಝಡ್‌ಎನ್-ಓ

ಎಣಿಕೆಯಲ್ಲಿ ದೋಷವಿಲ್ಲ. ಆದರೆ ಹೀಗೆ ಹುಟ್ಟುವ ಸತುವಿನ ಭಸ್ಮವು ಬಿಳಿಯದು; ಬಿದರಿಯ ಮೈ ಕಪ್ಪು. ಛಂದಸ್ಸು ಸರಿಯಾಗಿದ್ದು ಅರ್ಥ ಕೆಟ್ಟ ಪದ್ಯದಂತೆ, ಈ ಸಮೀಕರಣವು ಸರಿದೂಗಿಯೂ ಇಲ್ಲಿಗೆ ಸಲ್ಲದು. ಎರಕದಲ್ಲಿ ಸಾಮಾನ್ಯವಾಗಿ ಸತು ೧೬ ಪಾಲಾದರೆ ತಾಮ್ರ ೧ ಪಾಲು. ಕಪ್ಪಿಗೆ ಕಾರಣ ಆ ಅಲ್ಪಭಾಗವಾದ ತಾಮ್ರವೇ ಎಂದು ಪರೀಕ್ಷಕರು ಕಂಡುಕೊಂಡಿದ್ದಾರೆ. ಅಲ್ಲದೆ, ಈ ೧೬ ಮತ್ತು ೧ ತೂಕದ ಪಾಲುಗಳೇ ಹೊರತು ಪರಮಾಣುಗಳ ಎಣಿಕೆಯಲ್ಲ. ಎರಕವಾಗಲಿ ಕೋಟೆಯ ಮಣ್ಣಾಗಲಿ ಮಿಶ್ರಣವಾದುದರಿಂದ, ನವಸಾಗರಕ್ಕಿರುವಂತೆ ಅವಕ್ಕೆ ಒಂದೇ ಸೂತ್ರವನ್ನು ಬರೆಯುವಂತಿಲ್ಲ.

ಆದಕಾರಣ ಸಮೀಕರಣವನ್ನು ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳತಕ್ಕದ್ದು. ಎರಡು ಕಡೆಗಳ ಪರಮಾಣುಗಳು ಸಮವೇ ಎಂಬುದು ಮೊದಲನೆಯದು. ಇದಕ್ಕೆ ಲೆಕ್ಕಣಿಕೆಯೇ ಸಾಕು. ಬಲಗಡೆ ಬರೆದ ವಸ್ತುವೇ ನಿಜವಾಗಿ ಹುಟ್ಟಿತೇ ಎಂಬುದು ಎರಡನೆಯದು. ಇದಕ್ಕೆ ಪಾತ್ರೆಯನ್ನೇ ನೋಡಬೇಕು. ಮೊದಲನೆಯದರಲ್ಲಿ ತಪ್ಪಿದುದನ್ನು ಒಡನೆಯೇ ತಳ್ಳಿಹಾಕಬಹುದು. ಅದರಲ್ಲಿ ಗೆದ್ದುದು ಎರಡನೆಯ ಪ್ರಶ್ನೆಯನ್ನು ಎದುರಿಸುವ ಯೋಗ್ಯತೆಯನ್ನು ಮಾತ್ರ ಪಡೆದಂತಾಯಿತು.