ಅಮ್ಮ ಕುಳ್ಳಗಾದರೆ ಅದು ಬರೀ ವಯಸ್ಸಲ್ಲ: ಮೂಳೆಯ ಲೆಕ್ಕ ಇಟ್ಟ ಫುಲ್ಲರ್ ಆಲ್‌ಬ್ರೈಟ್

ಹೋದ ದೀಪಾವಳಿಗೆ ಅಮ್ಮ ಹಾಸನದಿಂದ ಪುಣೆಗೆ ಬಂದಿದ್ದರು. ಅಡುಗೆಮನೆಯ ಮೇಲಿನ ಶೆಲ್ಫ್‌ನಲ್ಲಿದ್ದ ಡಬ್ಬ ಅವರ ಕೈಗೆ ಎಟುಕಲಿಲ್ಲ. ಎರಡು ವರ್ಷದ ಹಿಂದೆ ಅದನ್ನ ಅವರೇ ಇಳಿಸ್ತಿದ್ದರು. ‘ವಯಸ್ಸಾಯ್ತಲ್ಲಪ್ಪ, ಬೆನ್ನು ಬಾಗಿದೆ’ ಅಂದರು. ನಾನೂ ಹೌದು ಅಂದ್ಕೊಂಡೆ. ಆಮೇಲೆ ಎಕ್ಸ್‌ರೇ ತೆಗೆಸಿದಾಗ ಬೆನ್ನೆಲುಬಿನ ಒಂದು ಮೂಳೆ ಕುಸಿದಿತ್ತು. ಅಮ್ಮ ಎಲ್ಲೂ ಬಿದ್ದಿರಲಿಲ್ಲ.

‘ವಯಸ್ಸಾಯ್ತು’ ಅನ್ನೋ ಉತ್ತರವನ್ನ ಒಪ್ಪದ ಒಬ್ಬ ಡಾಕ್ಟರ್ ಇದ್ದರು. ಅಮೆರಿಕದ ಫುಲ್ಲರ್ ಆಲ್‌ಬ್ರೈಟ್. ಹುಟ್ಟಿದ್ದು 1900ರಲ್ಲಿ, ಕೆಲಸ ಮಾಡಿದ್ದು ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ. ಇವತ್ತು ಅವರ ಕಥೆ.

ಆ ಆಸ್ಪತ್ರೆಗೆ ಚಾರ್ಲ್ಸ್ ಮಾರ್ಟೆಲ್ ಅನ್ನೋ ಹಡಗಿನ ಕ್ಯಾಪ್ಟನ್ ಬಂದಿದ್ದರು. ಆರಡಿಗೂ ಮೇಲಿದ್ದ ಆಳು, ಏಳು ಇಂಚು ಕುಳ್ಳಗಾಗಿದ್ದರು. ಕಾರಣ ಪ್ಯಾರಾಥೈರಾಯ್ಡ್ ಗ್ರಂಥಿಯ ಒಂದು ಗಡ್ಡೆ. ಅದು ಸುರಿಸುತ್ತಿದ್ದ ಹಾರ್ಮೋನ್ ಮೂಳೆಯ ಕ್ಯಾಲ್ಸಿಯಂ ಅನ್ನು ಎಳೆದು ರಕ್ತಕ್ಕೆ ಹಾಕ್ತಿತ್ತು. ಆರು ಆಪರೇಷನ್ ಆದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೇ ಸಲ ಎದೆಯೊಳಗೆ ಸಿಕ್ಕಿತು. ಆದರೆ ಅಷ್ಟರಲ್ಲಿ ಕಿಡ್ನಿ ಹಾಳಾಗಿತ್ತು, ಕ್ಯಾಪ್ಟನ್ ಉಳಿಯಲಿಲ್ಲ. ಮೂಳೆ ಅಂದರೆ ಗೋಡೆಯೊಳಗಿನ ಕಬ್ಬಿಣದ ಸರಳಿನ ಥರ ಅಲ್ಲ, ಹಾರ್ಮೋನ್ ಹೇಳಿದ ಹಾಗೆ ಕೇಳುವ ಜೀವಂತ ವಸ್ತು ಅಂತ ಇಂಥ ರೋಗಿಗಳಿಂದಲೇ ಸ್ಪಷ್ಟವಾಯಿತು.

ಹಾಗಾದರೆ ಗಡ್ಡೆಯೇ ಇಲ್ಲದವರ ಮೂಳೆ ಯಾಕೆ ಸವೆಯುತ್ತೆ? ಆಲ್‌ಬ್ರೈಟ್ ತಮ್ಮ ರೋಗಿಗಳ ಪಟ್ಟಿ ತೆಗೆದು ನೋಡಿದರು. ಬೇರೆ ಕಾರಣ ಕಾಣದೆ ಮೂಳೆ ಸವೆದಿದ್ದ, 65 ದಾಟದ 42 ಜನ. ಅವರಲ್ಲಿ 40 ಜನ ಮುಟ್ಟು ನಿಂತ ಹೆಂಗಸರು! ಬರೀ ವಯಸ್ಸೇ ಕಾರಣ ಆಗಿದ್ದರೆ ಅದೇ ವಯಸ್ಸಿನ ಗಂಡಸರೂ ಅಷ್ಟೇ ಇರಬೇಕಿತ್ತು, ಅಲ್ವಾ?

ಇನ್ನೊಂದು ಸುಳಿವು ಸಿಕ್ಕಿದ್ದು ಪಾರಿವಾಳದಿಂದ. ಹೌದು, ನಮ್ಮ ಬಾಲ್ಕನಿ ಗಲೀಜು ಮಾಡುವ ಅದೇ ಪಾರಿವಾಳ. ಮೊಟ್ಟೆ ಇಡುವ ಮುಂಚೆ ಹೆಣ್ಣು ಪಾರಿವಾಳದ ಮೂಳೆಯೊಳಗೆ ಕ್ಯಾಲ್ಸಿಯಂ ಶೇಖರವಾಗುತ್ತೆ. ಇದನ್ನ ಮಾಡಿಸೋದು ಈಸ್ಟ್ರೋಜನ್.

ಆಮೇಲೆ ಅವರು ಮಾಡಿದ್ದು ಅಪ್ಪಟ ಜಮಾ-ಖರ್ಚಿನ ಲೆಕ್ಕ. ರೋಗಿ ತಿಂದ ಕ್ಯಾಲ್ಸಿಯಂ ಎಷ್ಟು, ಮಲಮೂತ್ರದಲ್ಲಿ ಹೋದದ್ದೆಷ್ಟು ಅಂತ ಅಳೆದರು. ಈಸ್ಟ್ರೋಜನ್ ಕೊಟ್ಟಾಗ ಹೊರಗೆ ಹೋಗೋದು ಕಮ್ಮಿಯಾಯಿತು. 1941ರ ಹೊತ್ತಿಗೆ ಈ ಕಾಯಿಲೆಗೆ ಹೆಸರು, ಕಾರಣ ಎರಡೂ ಸಿಕ್ಕಿತ್ತು.

ಒಂದು ಕಡೆ ಆಲ್‌ಬ್ರೈಟ್ ಎಡವಿದ್ದರು. ಈಸ್ಟ್ರೋಜನ್ ಮುಖ್ಯವಾಗಿ ಮೂಳೆ ಕಟ್ಟುವ ಕೋಶಗಳನ್ನ ಚುರುಕು ಮಾಡುತ್ತೆ ಅಂದುಕೊಂಡಿದ್ದರು. ಅದರ ದೊಡ್ಡ ಕೆಲಸ ಮೂಳೆ ಕರಗಿಸುವ ಕೋಶಗಳಿಗೆ ಬ್ರೇಕ್ ಹಾಕೋದು ಅಂತ ಆಮೇಲೆ ತಿಳಿಯಿತು. ಮುಟ್ಟು ನಿಂತ ಮೇಲೆ ಆ ಬ್ರೇಕ್ ಸಡಿಲವಾಗುತ್ತೆ. ಕಟ್ಟೋದಕ್ಕಿಂತ ಕೆಡವೋದು ಜಾಸ್ತಿಯಾಗುತ್ತೆ. ಹಾಗಾಗಿ ಮೂಳೆ ಸವೆದವರಿಗೆ ಬರೀ ಕ್ಯಾಲ್ಸಿಯಂ ಮಾತ್ರೆ ಸಾಲಲ್ಲ.

ಹಾಗಂತ ಎಲ್ಲರಿಗೂ ಈಸ್ಟ್ರೋಜನ್ ಕೊಡೋಕೂ ಆಗಲ್ಲ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ತಗೊಂಡವರಿಗೆ ಮೂಳೆ ಮುರಿತ ಕಮ್ಮಿಯಾದರೂ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಜಾಸ್ತಿ ಕಂಡಿತು. ಈಗ ಕರಗುವಿಕೆಯನ್ನೇ ತಡೆಯುವ ಬೇರೆ ಔಷಧಿಗಳಿವೆ. ಯಾರಿಗೆ ಯಾವುದು ಅನ್ನೋದನ್ನ ಡಾಕ್ಟರೇ ಹೇಳಬೇಕು, ನಾನಲ್ಲ.

ಇಷ್ಟೆಲ್ಲ ಕೆಲಸದ ಬಹುಪಾಲು ಮಾಡುವಾಗ ಆಲ್‌ಬ್ರೈಟ್‌ಗೇ ಪಾರ್ಕಿನ್ಸನ್ಸ್ ಇತ್ತು. ಮೂವತ್ತರ ವಯಸ್ಸಿನಲ್ಲೇ ಶುರುವಾಗಿತ್ತು. 1956ರಲ್ಲಿ ಮೆದುಳಿನ ಆಪರೇಷನ್ ಆದಾಗ ರಕ್ತಸ್ರಾವವಾಯಿತು. 1969ರಲ್ಲಿ ತೀರಿಕೊಳ್ಳುವವರೆಗೂ ಅವರು ಚೇತರಿಸಿಕೊಳ್ಳಲೇ ಇಲ್ಲ.

ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಮ್ಮನನ್ನ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್‌ನಷ್ಟು ಕಮ್ಮಿಯಾಗಿದ್ದರೆ ಡಾಕ್ಟರಿಗೆ ತೋರಿಸಿ, ಡೆಕ್ಸಾ ಸ್ಕ್ಯಾನ್ ಬೇಕಾ ಕೇಳಿ. ಮುಟ್ಟು ಯಾವಾಗ ನಿಂತಿತು, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದಾರಾ ಅಂತ ತಿಳ್ಕೊಳ್ಳಿ. ಮಗ ಆದವನಿಗೆ ಕೇಳೋಕೆ ಮುಜುಗರ ಆಗುತ್ತೆ, ನನಗೂ ಆಯಿತು. ಆದರೆ ಡಾಕ್ಟರ್ ನನ್ನನ್ನ ಮೊದಲು ಕೇಳಿದ್ದೇ ಅದನ್ನ, ನನ್ನ ಹತ್ತಿರ ಉತ್ತರ ಇರಲಿಲ್ಲ.